ಕಿಟಕಿಯ ಧೂಳು ಯಾರ ಪಾಲಿಗೆ?

ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಹಳೆಯ ಪೇಟೆಗಳಲ್ಲಿ ಉಳಿದುಕೊಂಡಿರುವ ವಾಡೆಗಳ ಕಿಟಕಿಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಸಾಗವಾನಿ ಚೌಕಟ್ಟು, ನಡುವೆ ಕಬ್ಬಿಣದ ಗಜಗಳು, ಮೇಲಿನ ಜೋಡಿ ಮುಚ್ಚಿಕೊಂಡು ಕೆಳಗಿನ ಜೋಡಿ ಮಾತ್ರ ತೆರೆಯಬಲ್ಲ ಪುಟ್ಟ ಕದಗಳು. ಅದರ ಮೇಲೆ ಮದುವೆಗೊಂದು, ಹಬ್ಬಕ್ಕೊಂದು ಎಂದು ಹಚ್ಚುತ್ತ ಬಂದ ಎಣ್ಣೆಬಣ್ಣದ ಪದರಗಳು. ಹಸಿರಿನ ಕೆಳಗೆ ಹಳದಿ, ಅದರ ಕೆಳಗೆ ಬಿಳಿ. ಇಂಥ ಕಿಟಕಿ ಕಿತ್ತು ಅಲ್ಯುಮಿನಿಯಂ ಸ್ಲೈಡಿಂಗ್ ಕೂಡಿಸುವವರೇ ಹೆಚ್ಚು. ಆದರೆ ಬಣ್ಣವನ್ನೆಲ್ಲ ಕೆರೆದು ಮೂಲ ಕಟ್ಟಿಗೆಯನ್ನು ಮತ್ತೆ ಕಾಣಬೇಕು ಎನ್ನುವವರೂ ಇದ್ದಾರೆ. ನನ್ನ ಒಲವು ಇವರ ಕಡೆಗೇ. ಆದ್ದರಿಂದಲೇ ಈ ಒಲವಿನ ಖರ್ಚು ಯಾರ ಮೈಮೇಲೆ ಬೀಳುತ್ತದೆ ಎಂದು ಕೇಳಬೇಕೆನಿಸುತ್ತದೆ.

ಆ ಪದರಗಳಲ್ಲಿ ಸೀಸ ಇರಬಹುದು. ಹಳೆಯ ಬಿಳಿ ಬಣ್ಣಕ್ಕೆ, ತುಕ್ಕು ತಡೆಯುವ ಕೆಂಪು ಅಸ್ತರಿಗೆ, ಹೊಳೆಯುವ ಹಳದಿಗೆ, ಆ ಹಳದಿ ಬೆರೆಸಿ ಮಾಡಿದ ಹಸಿರಿಗೆ ಸೀಸವನ್ನು ಧಾರಾಳವಾಗಿ ಬಳಸುತ್ತಿದ್ದರು. ಗಟ್ಟಿಯಾಗಿ ಕೂತ ಬಣ್ಣ ಅಷ್ಟೊಂದು ಕೆಡುಕು ಮಾಡದು. ಒಣಗಿದ್ದನ್ನು ಪಾಲಿಶ್ ಪೇಪರಿನಿಂದ ತಿಕ್ಕಿದಾಗ, ಬೆಂಕಿ ಹಿಡಿದು ಸುಟ್ಟು ತೆಗೆದಾಗ ಅದು ಧೂಳಾಗಿ, ಹೊಗೆಯಾಗಿ ಏಳುತ್ತದೆ. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿ ಮರಳಿ ಸರಿಹೋಗುವಂಥದ್ದಲ್ಲ.

ಇದು ಹೊಸ ತಿಳಿವಳಿಕೆಯೂ ಅಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್, ಮಕ್ಕಳ ಸೀಸದ ಬಾಧೆಗೆ ಮನೆಯ ವರಾಂಡದ ಕಟಾಂಜನದ ಬಣ್ಣವೇ ಕಾರಣ ಎಂದು 1904ರಲ್ಲೇ ಬರೆದಿದ್ದರು. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಎಂಬ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಿಂದ. ಅದು ಅಂಗಡಿಯ ಹೊಸ ಡಬ್ಬಿಗೆ ಸಂಬಂಧಿಸಿದ್ದು. ಕಿಟಕಿಯ ಮೇಲಿನ ಹಳೆಯ ಪದರದ ಬಗ್ಗೆ ಅದು ಸುಮ್ಮನಿದೆ. ಅಮೆರಿಕದಲ್ಲಿ 1978ಕ್ಕಿಂತ ಹಿಂದಿನ ಮನೆಗಳಲ್ಲಿ ಹಣ ಪಡೆದು ಇಂಥ ಕೆಲಸ ಮಾಡುವವರಿಗೆ 2010ರಿಂದ ತರಬೇತಿ ಕಡ್ಡಾಯ. ಇಲ್ಲಿ ಕೇಳುವವರಿಲ್ಲ ಎಂದ ಮಾತ್ರಕ್ಕೆ ಮಾಲೀಕನ ಹೊಣೆ ಕಡಿಮೆಯಾಗುತ್ತದೆಯೇ?

ಈ ಸೀಮೆಯಲ್ಲಿ ಈ ಪ್ರಶ್ನೆಗೆ ಒಂದು ಹಳೆಯ ಉತ್ತರವಿದೆ. ಕಾಗವಾಡ, ರಾಯಬಾಗ, ಅಥಣಿ ಕಡೆ ಜೈನ ಮನೆಗಳು ಬಹಳ. ಆಚಾರ್ಯ ಶಾಂತಿಸಾಗರರ ಭೋಜ ಗ್ರಾಮ ನಿಪ್ಪಾಣಿಯ ಬಳಿಯೇ ಇದೆ. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಕುಡಿಯುವ ರೂಢಿಯ ಜನ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ದ್ವೇಷದ ಮಾತು ಎತ್ತುವುದಿಲ್ಲ, ಪ್ರಮಾದದ ಮಾತು ಎತ್ತುತ್ತದೆ. ಎಚ್ಚರಗೇಡಿತನದಿಂದ ಜೀವಕ್ಕೆ ನೋವಾದರೆ ಅದೂ ಹಿಂಸೆಯೇ. ಕಣ್ಣಿಗೆ ಕಾಣದ ಜೀವಕ್ಕಾಗಿ ನೀರು ಸೋಸುವ ಮನೆಯಲ್ಲಿ, ಕಣ್ಣೆದುರೇ ಮೂಗಿಗೆ ಟವೆಲ್ ಸುತ್ತಿಕೊಂಡು ಕಿಟಕಿ ತಿಕ್ಕುವವನ ಉಸಿರು ಲೆಕ್ಕಕ್ಕೆ ಬರಬೇಕಲ್ಲವೆ? ಟವೆಲ್ ಆ ಧೂಳನ್ನು ತಡೆಯುವುದಿಲ್ಲ.

ಅವನೇ ಒಪ್ಪಿದ್ದಾನೆ ಎನ್ನಬಹುದು. ಕೇಳಿದರೆ 'ಏನೂ ಆಗೂದಿಲ್ಲ ತಗೋರಿ, ಇದ ಕೆಲಸ ಮಾಡಕೋತ ಬಂದೇವಿ' ಎಂಬ ಉತ್ತರ ಬರಬಹುದು. ದಿನಗೂಲಿ ತಪ್ಪಬಾರದು ಎಂಬ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆ ಎನ್ನಲು ನನಗೆ ಮನಸ್ಸಿಲ್ಲ. ಅದಿರಲಿ, ಸಂಜೆ ಅವನು ಮನೆಗೆ ಹೋದಾಗ ಅಂಗಿಯ ಧೂಳೂ ಜೊತೆಗೆ ಹೋಗುತ್ತದೆ. ಓಡಿ ಬಂದು ಕಾಲು ಅಪ್ಪಿಕೊಳ್ಳುವ ಮಗುವನ್ನು ಯಾರೂ ಏನನ್ನೂ ಕೇಳಿರುವುದಿಲ್ಲ.

ಹಾಗಾದರೆ ಕಿತ್ತು ಬಿಸಾಡುವುದೇ ಮೇಲು ಎನ್ನುವವರಿದ್ದಾರೆ. ಬಿಸಾಡಿದ ಕಿಟಕಿ ಎಲ್ಲಿಗೆ ಹೋಗುತ್ತದೆ? ಚಲೋದು ಹಳೆ ಕಟ್ಟಿಗೆ ಅಂಗಡಿಗೆ, ಮುರಿದದ್ದು ಬಚ್ಚಲ ಒಲೆಗೆ. ನೀರು ಕಾಯುತ್ತದೆ, ಸೀಸ ಸುಡುವುದಿಲ್ಲ. ಒಂದಿಷ್ಟು ಹೊಗೆಯಲ್ಲಿ ಹೋಗಿ ಉಳಿದದ್ದು ಬೂದಿಯಲ್ಲಿ ಕೂರುತ್ತದೆ. ಅದೇ ಬೂದಿಯಿಂದ ಪಾತ್ರೆ ತಿಕ್ಕುವ ರೂಢಿ ನಮ್ಮ ಹಳ್ಳಿಗಳಲ್ಲಿ ಪೂರ್ತಿ ಹೋಗಿಲ್ಲ. ಬಿಸಾಡಿದವನ ಮನೆ ಶುದ್ಧವಾಯಿತು, ಅಷ್ಟೇ.

ಉಳಿಸುವ ದಾರಿ ಇಲ್ಲದೆ ಇಲ್ಲ. ಬಣ್ಣದ ಚೂರನ್ನು ಮೊದಲು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು. ಸೀಸವಿದ್ದರೆ ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆಯಬೇಕು. ಒಣ ತಿಕ್ಕುವಿಕೆ, ಬ್ಲೋ ಲ್ಯಾಂಪ್ ಎರಡೂ ಬೇಡ. ಕೆಳಗೆ ಪ್ಲಾಸ್ಟಿಕ್ ಹಾಸಬೇಕು, ಮಕ್ಕಳನ್ನೂ ಬಸುರಿಯರನ್ನೂ ದೂರ ಇಡಬೇಕು, ಕಸಬರಿಗೆ ಆಡಿಸದೆ ಒದ್ದೆ ಅರಿವೆಯಿಂದ ಒರೆಸಬೇಕು. ಕೆಲಸದವನಿಗೆ ಸಣ್ಣ ಕಣ ತಡೆಯುವ ಸರಿಯಾದ ಮಾಸ್ಕು, ಅಲ್ಲೇ ತೊಳೆದುಕೊಂಡು ಬಟ್ಟೆ ಬದಲಿಸಿ ಹೋಗಲು ಜಾಗ ಬೇಕು. ಎರಡು ದಿನದ ಕೆಲಸ ಐದು ದಿನವಾಗುತ್ತದೆ. ಆ ಹೆಚ್ಚಿನ ದಿನಗಳ ಕೂಲಿಯನ್ನು ಮಾಲೀಕನೇ ಕೊಡಬೇಕು, ಚೌಕಾಸಿಯಿಲ್ಲದೆ.

ಎಲ್ಲ ಬಣ್ಣವನ್ನೂ ತೆಗೆಯಲೇಬೇಕೆಂದಿಲ್ಲ ಎಂಬುದು ನನಗೆ ಹೆಚ್ಚು ಹಿಡಿಸಿದ ವಿಚಾರ. ಕದ ತೆರೆದು ಮುಚ್ಚುವಾಗ ಒಂದಕ್ಕೊಂದು ಉಜ್ಜುವ ಅಂಚುಗಳಲ್ಲಿ ದಿನವೂ ಪುಡಿ ಉದುರುತ್ತದೆ. ಅಲ್ಲಿ ಮಾತ್ರ ಕಟ್ಟಿಗೆಯವರೆಗೆ ಕೆರೆದು, ಗಟ್ಟಿಯಾಗಿರುವ ಉಳಿದ ಭಾಗಕ್ಕೆ ಸೀಸವಿಲ್ಲದ ಬಣ್ಣ ಹಚ್ಚಿ ಮುಚ್ಚಬಹುದು, ಆಮೇಲೆ ಅದು ಏಳದಂತೆ ನೋಡಿಕೊಳ್ಳಬೇಕು. ಸಾಗವಾನಿಯ ಗೆರೆ ಕಾಣುವುದಿಲ್ಲ ನಿಜ. ಆದರೆ ಅಜ್ಜಿ ಹೊರಗೆ ನೋಡುತ್ತ ಕೂತದ್ದು ಹಸಿರು ಕಿಟಕಿಯಲ್ಲೇ, ಬರಿ ಕಟ್ಟಿಗೆಯದರಲ್ಲಿ ಅಲ್ಲ. ಕೆರೆದದ್ದು ಕಡಿಮೆಯಾದಷ್ಟೂ ಚೀಲದಲ್ಲಿ ತುಂಬಿ ಕಟ್ಟಬೇಕಾದ ಪುಡಿ ಕಡಿಮೆ. ಆ ಚೀಲವನ್ನು ಪುರಸಭೆಯ ಕಸದ ಗಾಡಿಗೆ ಹಾಗೇ ಎಸೆದರೆ, ನಾಳೆ ಬರಿಗೈಯಲ್ಲಿ ಅದನ್ನು ಬಿಚ್ಚುವವರು ಪೌರಕಾರ್ಮಿಕರು.