ಮಿಣುಕುವ ಕೆಂಪು ದೀಪ



ಆಗಮನ ಕಾಲ ಬಂದಿದೆ. ಮತ್ತಾಯನ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಳ್ಳನನ್ನೂ ಮನೆಯ ಯಜಮಾನನನ್ನೂ ತೋರಿಸಿ ನಮಗೆ ಎಚ್ಚರದ ಪಾಠ ಹೇಳುತ್ತಾರೆ. ಈ ಸಲ ಅದನ್ನು ಓದುವಾಗ ನನಗೆ ನೆನಪಾದದ್ದು ಒಂದು ಕಾರು.

ಅಂದು ತಮಿಳು ಪೂಜೆ ಮುಗಿದಿತ್ತು, ಕನ್ನಡ ಪೂಜೆಗೆ ಇನ್ನೂ ಗಂಟೆ ಹೊಡೆದಿರಲಿಲ್ಲ. ನಮ್ಮೂರಿನ ದೊಡ್ಡಪ್ಪ ಒಬ್ಬರು ನನ್ನ ಕೈಹಿಡಿದು ಕರೆದುಕೊಂಡು ಹೋದರು. ಚಾಮರಾಜನಗರದಿಂದ ಸೆಕೆಂಡ್ ಹ್ಯಾಂಡ್ ಕಾರು ತಂದು ವಾರವಾಗಿತ್ತು.

"ನೋಡು ಮಗ, ಬೀಗ ಹಾಕಿದ ಮೇಲೂ ಈ ಕೆಂಪು ಲೈಟು ಮಿಣಕ್ ಮಿಣಕ್ ಅಂತದೆ. ಬ್ಯಾಟರಿ ಇಳಿದುಹೋದ್ರೆ? ಟೇಪ್ ಅಂಟಿಸಿಬಿಡ್ಲಾ?"

ಬಿ.ಎಸ್ಸಿ. ಓದಿದವನಿಗೆ ಎಲ್ಲವೂ ಗೊತ್ತು ಎಂಬ ನಂಬಿಕೆ ನಮ್ಮ ಜನರಲ್ಲಿ ಇನ್ನೂ ಉಳಿದಿದೆ. ಪುಣ್ಯಕ್ಕೆ ಇದು ಗೊತ್ತಿತ್ತು. ಅದು ಇಮ್ಮೊಬಿಲೈಸರ್ ದೀಪ. ಕೀಯ ತಲೆಯೊಳಗೆ ಸಣ್ಣ ಚಿಪ್ ಇರುತ್ತದೆ. ಅದಕ್ಕೆ ಸ್ವಂತ ಬ್ಯಾಟರಿಯೂ ಬೇಡ. ಕೀ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿಯೇ ಅದಕ್ಕೆ ಶಕ್ತಿ ಕೊಟ್ಟು, "ನೀನು ಯಾರು?" ಎಂದು ಕೇಳುತ್ತದೆ. ಉತ್ತರ ಸರಿಯಿದ್ದರೆ ಮಾತ್ರ ಎಂಜಿನ್ ಓಡುತ್ತದೆ. ಹಲ್ಲುಗಳನ್ನು ಹಾಗೆಯೇ ಕೊರೆದ ನಕಲಿ ಕೀ ತಿರುಗಬಹುದು, ಆದರೆ ಎಂಜಿನ್ ಅದನ್ನು ಒಪ್ಪುವುದಿಲ್ಲ. ಕುರಿಗಳು ತಮ್ಮ ಕುರುಬನ ದನಿಯನ್ನಷ್ಟೇ ಗುರುತಿಸುತ್ತವೆ ಎಂಬ ಯೊವಾನ್ನನ ಶುಭಸಂದೇಶದ 10ನೇ ಅಧ್ಯಾಯ ಅರ್ಥವಾಗಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. (ಗಾಜು ಒಡೆದು ಸೀಟಿನ ಮೇಲಿನ ಚೀಲ ಎತ್ತಿಕೊಂಡು ಹೋಗುವವನನ್ನು ಇದು ತಡೆಯುವುದಿಲ್ಲ. ಅದನ್ನೂ ದೊಡ್ಡಪ್ಪನಿಗೆ ಹೇಳಿದೆ.)

ಬೀಗ ಹಾಕಿ ನಿಲ್ಲಿಸಿದ ಕಾರಿನಲ್ಲಿ ದೀಪ ನಿಧಾನವಾಗಿ ಮಿಣುಕಿದರೆ ಕಾವಲು ನಡೆಯುತ್ತಿದೆ ಎಂದರ್ಥ. ಅದಕ್ಕೆ ಬೇಕಾದ ಕರೆಂಟು ಬಹಳ ಕಡಿಮೆ. ಒಂದು ರಾತ್ರಿಯಲ್ಲಿ ಬ್ಯಾಟರಿ ಖಾಲಿಯಾಗದು. ಆದರೆ ಕೀ ತಿರುಗಿಸಿದ ಮೇಲೆ ಅದು ಆರಬೇಕು. ಆಗಲೂ ಮಿಣುಕುತ್ತಿದ್ದರೆ ಕಾರು ಕೀಯನ್ನು ಗುರುತಿಸಿಲ್ಲ, ಏನೋ ಕೆಟ್ಟಿದೆ. ಕಾರಿಂದ ಕಾರಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ, ಕೈಪಿಡಿ ನೋಡಿಕೊಳ್ಳಿ. ಅಂತೂ ಅದೇ ಕೆಂಪು ದೀಪ ಒಮ್ಮೆ ಕ್ಷೇಮ, ಒಮ್ಮೆ ತೊಂದರೆ. ಹೊರಗೆ ನಿಂತು ನೋಡಿದವನಿಗೆ ತಿಳಿಯದು, ಒಳಗೆ ಕೂತು ಕೀ ತಿರುಗಿಸಬೇಕು.

ಇಷ್ಟೆಲ್ಲ ವಿವರಿಸಿದ ನಾನೇ ಇನ್ನೊಂದು ದೀಪವನ್ನು ತಪ್ಪಾಗಿ ಓದಿದ್ದೆ. ನಮ್ಮ ಯುವಜನರ ಗುಂಪಿನ ಗೆಳೆಯನೊಬ್ಬ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯುತ್ತಿದ್ದ. ದಿನಾ ಬೆಳಿಗ್ಗೆ ವಾಟ್ಸ್ಆ್ಯಪ್ ಗುಂಪಿಗೆ ಕೈಮುಗಿದ ಚಿತ್ರ ಕಳಿಸುತ್ತಿದ್ದ. ದೂರದಲ್ಲಿದ್ದಾಗ ಅಷ್ಟೇ ಸಾಕಾಗಿತ್ತು. ಆಮೇಲೆ ಊರಿಗೇ ಬಂದ. ಆಗಲೂ ಚಿತ್ರ ಮಾತ್ರ ಬರುತ್ತಿತ್ತು, ಅವನು ಪೂಜೆಗೆ ಬರಲಿಲ್ಲ. ಚಿತ್ರ ಬರುತ್ತಿದೆಯಲ್ಲ, ಚೆನ್ನಾಗಿಯೇ ಇದ್ದಾನೆ ಎಂದುಕೊಂಡೆ. ಹೀಗೆ ನಾಲ್ಕು ಭಾನುವಾರ ಕಳೆಯಿತು. ಅವನ ಮನೆ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ.

ಕೊನೆಗೆ ಅವನ ಅಮ್ಮನೇ ಗುಡಿಯ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿದರು: "ಊಟ ಬಿಟ್ಟವ್ನೆ ಕಣಪ್ಪ, ರಾತ್ರಿಯೆಲ್ಲ ಎದ್ದೇ ಇರ್ತಾನೆ."

ಅಂದು ಸಂಜೆ ಹೋಗಿ ಜಗಲಿಯ ಮೇಲೆ ಕೂತೆ. ಒಂದು ಗಂಟೆ ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವನು ಮೊಬೈಲ್ ತೆಗೆದು ತೋರಿಸಿದ. ಸಾಲದ ಆ್ಯಪ್, ಬೆದರಿಕೆ ಕರೆಗಳು, ಅವನ ಫೋಟೊ ತಿದ್ದಿ ಎಲ್ಲರಿಗೂ ಕಳಿಸುತ್ತೇವೆ ಎಂಬ ಸಂದೇಶಗಳು. ಮರುದಿನ ಗುರುಗಳನ್ನು ಜೊತೆಗೆ ಕೂರಿಸಿಕೊಂಡು 1930ಕ್ಕೆ ಕರೆಮಾಡಿ ದೂರು ಕೊಟ್ಟೆವು. ಅವನೇ ಓದಿ ಒಪ್ಪಿದ ಮೇಲೆ ಇದನ್ನು ಇಲ್ಲಿ ಬರೆದಿದ್ದೇನೆ.

ಈ ಆಗಮನ ಕಾಲದ ಶನಿವಾರ ಸಂಜೆಗಳಲ್ಲಿ, ಕೆಲವು ವಾರಗಳಿಂದ ಪೂಜೆಯಲ್ಲಿ ಕಾಣದವರ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಲಿದ್ದೇವೆ. ಬರುವವರು ನನ್ನ ಬಳಿ ಹೆಸರು ಕೊಡಿ. ಗೆಳೆಯ ಆಗಲೇ ಕೊಟ್ಟಿದ್ದಾನೆ. ದೂರದ ಹಳ್ಳಿಗಳಿಗೆ ದೊಡ್ಡಪ್ಪ ತಮ್ಮ ಕಾರು ಕೊಡುತ್ತಾರಂತೆ. ಟೇಪ್ ಅಂಟಿಸಿಲ್ಲ.