ಅಂಗಳದ ಮಣ್ಣನ್ನು ಅಳೆದವರು

ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಒಂದು ಹಿಡಿ ಸೊಪ್ಪು ಕಿತ್ತು ಸಾರು ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಮಗುವನ್ನು ಅಂಗಳದ ಮಣ್ಣಿನಲ್ಲಿ ಆಡಲು ಬಿಡುವುದಕ್ಕೂ ಯಾರನ್ನೂ ಕೇಳಬೇಕಿಲ್ಲ. ದಿನವೊಂದು ಕಟ್ಟಿಕೊಳ್ಳುವುದು ಇಂಥ ಸಣ್ಣಪುಟ್ಟ ತೀರ್ಮಾನಗಳಿಂದ. ಇವು ಕೈತಪ್ಪಿಹೋದರೆ ಮನುಷ್ಯ ಎಷ್ಟು ಕುಗ್ಗಿಹೋಗುತ್ತಾನೆ ಎಂಬುದನ್ನು ಜಪಾನಿನ ಫುಕುಶಿಮಾದ ಜನ ಅನುಭವಿಸಿ ಬಲ್ಲರು.

2011ರ ಮಾರ್ಚ್ 11ರಂದು ಅಲ್ಲಿ ಭೂಮಿ ನಡುಗಿತು, ಬೆನ್ನಿಗೇ ಸುನಾಮಿ ಬಂತು. ಕಡಲ ದಡದ ಅಣು ವಿದ್ಯುತ್ ಸ್ಥಾವರಕ್ಕೆ ನೀರು ನುಗ್ಗಿ, ತಂಪು ಮಾಡುವ ವ್ಯವಸ್ಥೆ ನಿಂತು, ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು. 1,60,000ಕ್ಕೂ ಹೆಚ್ಚು ಮಂದಿ ಮನೆ ಬಿಟ್ಟು ಹೊರಟರು. ಹಾಸಿಗೆ ಹಿಡಿದ ವೃದ್ಧ ರೋಗಿಗಳನ್ನು ಬಸ್ಸುಗಳಲ್ಲಿ ಕೂರಿಸಿ ಗಂಟೆಗಟ್ಟಲೆ ಸಾಗಿಸಲಾಯಿತು. ಹಲವರು ದಾರಿಯಲ್ಲೇ ತೀರಿಕೊಂಡರು, ಇನ್ನು ಕೆಲವರು ತಲುಪಿದ ಮೇಲೆ.

ವಿಕಿರಣದಿಂದಲೇ ಜನರ ಆರೋಗ್ಯ ಕೆಟ್ಟಿದೆ ಎನ್ನಲು ಆಧಾರ ಕಂಡಿಲ್ಲ ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ 2021ರಲ್ಲಿ ಹೇಳಿತು. ಆದರೂ ಸ್ಥಳಾಂತರದ ಬವಣೆ, ನಿಂತುಹೋದ ಚಿಕಿತ್ಸೆ, ಒಂಟಿತನ, ಕೊರಗು ಇವುಗಳಿಂದ ಸತ್ತವರೆಂದು ಆ ಪ್ರಾಂತ್ಯದಲ್ಲಿ ಗುರುತಿಸಿದವರ ಸಂಖ್ಯೆ 2,300 ದಾಟಿದೆ. ಅಲ್ಲಿ ಭೂಕಂಪ ಮತ್ತು ಸುನಾಮಿಗೆ ನೇರವಾಗಿ ಬಲಿಯಾದವರಿಗಿಂತ ಇದು ಹೆಚ್ಚು. ಮೂರು ತಲೆಮಾರು ಕೂಡಿ ಬಾಳಿದ ಮನೆಗಳು ಒಡೆದು ಇಕ್ಕಟ್ಟಿನ ತಾತ್ಕಾಲಿಕ ವಸತಿಗಳಿಗೆ ಹಂಚಿಹೋದವು. ಗದ್ದೆಯಲ್ಲಿ ದುಡಿದ ಮೈಗೆ ಕೆಲಸವಿಲ್ಲದಾಯಿತು. ಬೊಜ್ಜು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಹೆಚ್ಚಿದವು. ಊರು ಬಿಟ್ಟು ಹೋದ ಮಕ್ಕಳನ್ನು ಹೊಸ ಶಾಲೆಗಳಲ್ಲಿ ಕೆಲವು ಸಹಪಾಠಿಗಳು ಸೋಂಕು ತಂದವರಂತೆ ದೂರವಿಟ್ಟರು.

ಹಾಗೆಂದು ವಿಕಿರಣದ ಭಯವನ್ನು ಹಗುರವಾಗಿ ಕಾಣುವಂತಿಲ್ಲ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನಲ್ಲಿ ರಿಯಾಕ್ಟರ್ ಸಿಡಿದಾಗ ಜನರಿಗೆ ನಿಜವನ್ನು ಕೂಡಲೇ ತಿಳಿಸಲಿಲ್ಲ. ವಿಕಿರಣಶೀಲ ಅಯೋಡಿನ್ ಸೇರಿದ ಹಾಲನ್ನು ಮಕ್ಕಳು ಕುಡಿದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಸಾವಿರಾರು ಮಂದಿಗೆ ಥೈರಾಯ್ಡ್ ಕ್ಯಾನ್ಸರ್ ಕಾಣಿಸಿಕೊಂಡಿತು. ಮುಚ್ಚಿಟ್ಟ ಸತ್ಯ ಆ ಎಳೆಯ ಕೊರಳುಗಳನ್ನು ಹೊಕ್ಕಿತ್ತು.

ಅದೇ ದುರಂತದ ನೆಲದಿಂದ ಒಂದು ದಾರಿಯೂ ಹುಟ್ಟಿತು. 1996ರಲ್ಲಿ, ಚೆರ್ನೋಬಿಲ್‌ನ ವಿಕಿರಣ ಹರಡಿದ್ದ ಬೆಲರೂಸಿನ ಓಲ್ಮನಿ ಎಂಬ ಹಳ್ಳಿಗೆ ಫ್ರಾನ್ಸಿನ ಕೆಲವು ತಜ್ಞರು ಬಂದರು. ಉಪದೇಶ ಮಾಡುವ ಮೊದಲು ಅವರು ಹಳ್ಳಿಯವರ ಮಾತು ಕೇಳಿದರು. ತಾಯಂದಿರು ಅಳತೆಯ ಉಪಕರಣವನ್ನು ತಾವೇ ಹಿಡಿದರು. ಮಗು ಕುಡಿಯುವ ಹಾಲಿನಲ್ಲಿ ವಿಕಿರಣ ಎಷ್ಟಿದೆ, ಅದನ್ನು ತಗ್ಗಿಸುವುದು ಹೇಗೆ ಎಂದು ಕಲಿತರು. ಈ ಅನುಭವವನ್ನು ಓದಿ ತಿಳಿದ ಆಂದೊ ರ್ಯೋಕೊ ಎಂಬ ಮಹಿಳೆ ಫುಕುಶಿಮಾದಲ್ಲೂ ಅಂಥದೇ ಕೆಲಸಕ್ಕೆ ಕೈಹಾಕಿದರು. ಇವಾಕಿ ನಗರದ ಅಂಚಿನ ಸುಯೆತ್ಸುಗಿ ಎಂಬ ಪುಟ್ಟ ಊರಿನ ಜನ ತಮ್ಮ ಅಂಗಳವನ್ನು, ಬೆಳೆದ ತರಕಾರಿಯನ್ನು, ತಮ್ಮ ಮೈಗೆ ತಗಲುವ ವಿಕಿರಣವನ್ನು ತಾವೇ ಅಳೆದು, ಫಲಿತಾಂಶವನ್ನು ಒಟ್ಟಿಗೆ ಕೂತು ಮಾತಾಡಿಕೊಂಡರು. ಅಂಕಿಗಳು ದೊಡ್ಡವರ ವರದಿಯಿಂದ ಇಳಿದು ಅವರ ಅಡುಗೆಮನೆಗೆ ಬಂದವು. ಏನು ತಿನ್ನಬಹುದು, ಎಲ್ಲಿ ನಡೆದಾಡಬಹುದು ಎಂಬುದು ಮತ್ತೆ ಅವರ ತೀರ್ಮಾನವಾಯಿತು.

ಫುಕುಶಿಮಾದ ಕೆಲವರು ಊರಿಗೆ ಮರಳಿದ್ದಾರೆ. ಕೆಲವರು ಇನ್ನೆಂದೂ ಮರಳುವುದಿಲ್ಲವೆಂದು ಹೊಸ ಕಡೆ ನೆಲೆಸಿದ್ದಾರೆ. ಮರಳಿದವರು ಧೈರ್ಯವಂತರು, ಮರಳದವರು ಅಂಜುಬುರುಕರು ಎಂದು ತೂಗುವ ಹಕ್ಕು ಹೊರಗಿನವರಿಗಿಲ್ಲ. ತಿಳಿದು, ಯೋಚಿಸಿ, ತಾವಾಗಿ ಆರಿಸಿಕೊಂಡಿದ್ದರೆ ಎರಡೂ ಬಾಳಿನ ದಾರಿಗಳೇ.

ನಮ್ಮ ಸುತ್ತಲೂ ಕಾಯಿಲೆ, ಪ್ರವಾಹ, ಅಪಘಾತಗಳಿಂದ ಬದುಕು ಮಗುಚಿದವರಿದ್ದಾರೆ. ಕಾಳಜಿಯ ಭರದಲ್ಲಿ ಅವರ ಪರವಾಗಿ ಎಲ್ಲವನ್ನೂ ನಾವೇ ನಿರ್ಧರಿಸಿಬಿಡುತ್ತೇವೆ. ಅನ್ನ, ಔಷಧ, ಸೂರು ಕೊಡಲೇಬೇಕು. ಅದರೊಂದಿಗೆ ಇದ್ದ ಸಂಗತಿಯನ್ನು ಇದ್ದಹಾಗೆ ತಿಳಿಸಬೇಕು, ಅವರ ಮಾತು ಮುಗಿಯುವವರೆಗೆ ಕೇಳಬೇಕು, ಕೊನೆಯ ತೀರ್ಮಾನವನ್ನು ಅವರಿಗೇ ಬಿಡಬೇಕು. ನೊಂದವರು ತಮ್ಮ ದಿನವನ್ನು ತಾವೇ ನಡೆಸತೊಡಗಿದಾಗಲೇ ಚೇತರಿಕೆ ಆರಂಭವಾಗುತ್ತದೆ.