ಸಾಧಾರಣ ಅಂಕದ ಹಕ್ಕು

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ನಮ್ಮ ಕೋಲಾರ ಜಿಲ್ಲೆಯಲ್ಲಿ ಈ ಮಾತು ಕಿವಿಗೆ ಬೀಳದೆ ಹತ್ತನೇ ತರಗತಿ ಮುಗಿಸಿದವರು ಕಡಿಮೆ. ಫಲಿತಾಂಶ ಬಂದ ವಾರ, ಕಡಿಮೆ ಅಂಕ ತೆಗೆದ ಮಕ್ಕಳನ್ನು ಕೂರಿಸಿಕೊಂಡು ಹೇಳುತ್ತಾರೆ. ಅಂಥವರಿಗೇ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 1974ರಲ್ಲಿ ಪದ್ಮಭೂಷಣ ಬಂತು, ಅಂಕದಲ್ಲೇನಿದೆ ಬಿಡು ಎಂದು ಸಮಾಧಾನ ಮಾಡುತ್ತಾರೆ.

ಇದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಸುದ್ದಿಯನ್ನು ಆ ವಾರ ಯಾರೂ ಎತ್ತುವುದಿಲ್ಲ. ಅವರು 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಚಿನ್ನದ ಪದಕದೊಂದಿಗೆ ಎಂ.ಎ. ಮುಗಿಸಿದವರು. ಪರೀಕ್ಷೆ ಗೆದ್ದೇ ಮೈಸೂರು ಸಂಸ್ಥಾನದ ಅಧಿಕಾರಿಯಾದರು. ಒಬ್ಬರು ಫೇಲು, ಒಬ್ಬರು ಚಿನ್ನದ ಪದಕ. ಕನ್ನಡಕ್ಕೆ ಇಬ್ಬರೂ ದೊಡ್ಡವರು. ಹಾಗಾಗಿ ದೊಡ್ಡವರ ಉದಾಹರಣೆಯಿಂದ ಈ ಪ್ರಶ್ನೆ ಇತ್ಯರ್ಥವಾಗುವುದಿಲ್ಲ. ಊರಿಗೇ ಬರೋಣ.

ನನ್ನೂರು ಗೌನಿಪಲ್ಲಿ. ಶ್ರೀನಿವಾಸಪುರ ತಾಲ್ಲೂಕು, ಆಂಧ್ರದ ಗಡಿಗೆ ಹತ್ತಿರ. ಮಾವು, ಟೊಮೆಟೊ ನಂಬಿದ ಸೀಮೆ. ನಮ್ಮ ಬೀದಿಯಲ್ಲಿ ಒಂದು ಹುಡುಗಿ ಇದ್ದಳು. ಅವಳ ಅಪ್ಪ ಕೆಟ್ಟವನಲ್ಲ. ಮಗಳು ಹತ್ತನೇ ತರಗತಿಗೆ ಬಂದಾಗ ಒಂದೇ ಮಾತು ಹೇಳಿದ್ದ: "ಎಂಬತ್ತೈದು ಪರ್ಸೆಂಟ್ ಬಂದ್ರೆ ಕಾಲೇಜು. ಇಲ್ದಿದ್ರೆ ನೋಡೋಣ." ಆ 'ನೋಡೋಣ' ಎಂದರೆ ಗಂಡು ನೋಡೋಣ ಎಂದು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಹುಡುಗಿಗೂ.

ಎಸ್ಸೆಸ್ಸೆಲ್ಸಿಯ ಒಟ್ಟು ಅಂಕ 625. ಎಂಬತ್ತೈದು ಪರ್ಸೆಂಟ್ ಆಗಬೇಕಾದರೆ 532 ಬೇಕು. ಅವಳಿಗೆ 548 ಬಂತು. ಆ ಹದಿನಾರು ಅಂಕಗಳು ಇಲ್ಲದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗಲೆಲ್ಲ, ಅಂಕ ಮುಖ್ಯವಲ್ಲ ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಅಂಕ ಯಾರಿಗೆ ಮುಖ್ಯವಲ್ಲ? ಅಪ್ಪನಿಗೆ ಅಂಗಡಿಯಿದ್ದವನಿಗೆ. ಡೊನೇಷನ್ ಕಟ್ಟಬಲ್ಲವನಿಗೆ. ಈ ಸಲ ಹೋದರೆ ಇನ್ನೊಂದು ಸಲ ಬರೆಯುತ್ತೇನೆ, ಒಂದು ವರ್ಷ ಮನೆಯಲ್ಲಿರುತ್ತೇನೆ ಎನ್ನಬಲ್ಲವನಿಗೆ. ಬೇರೆ ಯಾವ ಕಾಗದವೂ ಇಲ್ಲದವರಿಗೆ ಅಂಕಪಟ್ಟಿಯೇ ಕೈಯಲ್ಲಿರುವ ಒಂದು ಕಾಗದ.

ಹಾಗೆಂದು ಆ ಕಾಗದ ನಿಜವನ್ನೇ ಹೇಳುತ್ತದೆಂದಲ್ಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಮಾತು ತೆಲುಗು. ಅವ್ವನ ಬೈಗುಳದಿಂದ ಹಿಡಿದು ಲೆಕ್ಕಾಚಾರದವರೆಗೆ ಎಲ್ಲ ತೆಲುಗಿನಲ್ಲೇ. ಶಾಲೆಯಲ್ಲಿ ಮಾತ್ರ ಕನ್ನಡವೇ ಪ್ರಥಮ ಭಾಷೆ, ಅದಕ್ಕೇ 125 ಅಂಕ. ಆ ಹುಡುಗಿ ಕನ್ನಡದಲ್ಲಿ ತೆಗೆದ 108ಕ್ಕೂ ಮೈಸೂರಿನ ಮೇಷ್ಟರ ಮಗಳು ತೆಗೆದ 108ಕ್ಕೂ ಅಂಕಪಟ್ಟಿಯಲ್ಲಿ ವ್ಯತ್ಯಾಸವಿಲ್ಲ. (ಮಾಸ್ತಿಯವರ ಮನೆಮಾತು ತಮಿಳು. ಅದನ್ನೂ ಯಾವ ಪದಕ ಹೇಳುವುದಿಲ್ಲ.) ಅಳೆಯುವ ಕೋಲಾದರೂ ಗಟ್ಟಿಯೇ? 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಕೋಲನ್ನು ಸರ್ಕಾರವೇ ಆಚೀಚೆ ಸರಿಸುತ್ತದೆ. ಒಂದು ಮಗುವಿನ ಬದುಕು ಮಾತ್ರ ಆ ವರ್ಷದ ಕೋಲಿಗೆ ಸರಿಯಾಗಿ ನಿಲ್ಲಬೇಕು.

ಹಾಗಾದರೆ ಹೆಚ್ಚು ಅಂಕಕ್ಕಾಗಿ ಹೆಣಗುವುದು ತಪ್ಪೇ? ಅಲ್ಲ. ಹೆಣಗಬೇಕಾದವರು ಹೆಣಗಲಿ; ಗೌನಿಪಲ್ಲಿಯ ಹುಡುಗಿಗೆ ನಾನು ಬೇರೆ ಉಪದೇಶ ಕೊಡಲಾರೆ. ನನ್ನನ್ನು ಕಾಡುವುದು ಬೇರೆ. ಕೆಲವರು ಬರೀ ಓದು ಮುಂದುವರಿಸುವುದಕ್ಕೇ ಮೊದಲಿಗರಾಗಬೇಕು, ಮಿಕ್ಕವರು ಹೇಗಿದ್ದರೂ ನಡೆಯುತ್ತದೆ ಎಂಬುದು ಯಾವ ನ್ಯಾಯ? ಸಾಧಾರಣವಾಗಿರುವುದಕ್ಕೂ ಒಂದು ಹಕ್ಕು ಬೇಕು. ಗಣಿತದಲ್ಲಿ ಐವತ್ತು ತೆಗೆದು, ಕಥೆ ಪುಸ್ತಕ ಓದಿಕೊಂಡು, ತನಗೇನು ಇಷ್ಟ ಎಂದು ಎರಡು ವರ್ಷ ತಡವಾಗಿ ತಿಳಿದುಕೊಳ್ಳುವ ಹಕ್ಕು.

ಡಿವಿಜಿಯವರ ಕಥೆಯಲ್ಲಿ ನನಗೆ ಕಾಣುವುದೂ ಅದೇ. ಅವರು ಫೇಲಾದದ್ದು ದೊಡ್ಡ ಸಂಗತಿಯಲ್ಲ. ಫೇಲಾದ ಮೇಲೂ ಬೆಂಗಳೂರಿಗೆ ಹೋಗಿ ಪತ್ರಿಕೆಗಳಲ್ಲಿ ಕೆಲಸ ಮಾಡಲು, ಬರೆಯಲು, ಅಂಕಪಟ್ಟಿ ಕೇಳದ ಪಂಡಿತರ ಹತ್ತಿರ ಶಾಸ್ತ್ರ ಓದಲು ಅವರಿಗೆ ಆಯಿತಲ್ಲ, ದೊಡ್ಡದು ಅದು. ಅದೇ ಕಾಲದಲ್ಲಿ ಮುಳಬಾಗಿಲಿನ ಒಬ್ಬ ಹುಡುಗಿ ಮೆಟ್ರಿಕ್ಯುಲೇಷನ್ ಫೇಲಾಗುವಷ್ಟು ದೂರ ಓದಲು ಸಾಧ್ಯವಿತ್ತೇ?

ಆ ಹುಡುಗಿ ಪಿಯುಸಿಗೆ ಸೇರಿದ ಮರುವರ್ಷ ಅವಳ ತಮ್ಮ ಎಸ್ಸೆಸ್ಸೆಲ್ಸಿ ಬರೆದ. 341 ಬಂತು. ಅಪ್ಪ ಒಂದು ಹಸು ಮಾರಿ ಅವನನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸಿದ. ಎಷ್ಟು ಬರಬೇಕೆಂದು ಅವನಿಗೆ ಯಾರೂ ಮೊದಲೇ ಹೇಳಿರಲಿಲ್ಲ.